ಉಪಗ್ರಹದ ಕಣ್ಣಿಗೂ ಒರೆಗಲ್ಲು ಬೇಕು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾಗಲಿ, ಹಲಸೂರಿನ ದಿನಸಿ ಅಂಗಡಿಯಲ್ಲಾಗಲಿ, ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರ್ಕಾರದ ಮೊಹರು ಇರಬೇಕೆಂಬುದು ಕಾನೂನು. ಒಮ್ಮೆ ಮೊಹರು ಬಿದ್ದರೆ ಸಾಲದು. ನಿಗದಿತ ಅವಧಿಗೊಮ್ಮೆ ಅದನ್ನು ಮತ್ತೆ ತಾಳೆ ನೋಡಿಸಿಕೊಳ್ಳಬೇಕು. ವ್ಯಾಪಾರಿ ಮೋಸಗಾರನೆಂದಲ್ಲ. ಬಟ್ಟು ಕೈಯಿಂದ ಕೈಗೆ ಹೋಗಿ ಸವೆಯುತ್ತದೆ, ತಕ್ಕಡಿಯ ಮುಳ್ಳು ಸಡಿಲವಾಗುತ್ತದೆ. ಅಳೆಯುವ ಸಾಧನ ತನ್ನ ದೋಷವನ್ನು ತಾನೇ ಹೇಳಿಕೊಳ್ಳಲಾರದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ.

ಅಂಗಡಿಯ ತಕ್ಕಡಿಯನ್ನೇನೋ ಇಲಾಖೆಯ ಅಧಿಕಾರಿಯ ಮುಂದಿಡಬಹುದು. ಆದರೆ ನೆಲದಿಂದ ಒಂಬೈನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ವಾತಾವರಣದ ಮೇಲ್ಪದರಗಳ ಲೆಕ್ಕ ಹೇಳುವ ಉಪಗ್ರಹವನ್ನು ಯಾರ ಮುಂದಿಡುವುದು? ಅದು ಕಳಿಸುವ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋದರೆ, ಮಂಕಾದದ್ದು ಆಕಾಶವೋ ಉಪಗ್ರಹದ ಕಣ್ಣೋ ಎಂದು ತಿಳಿಯುವುದು ಹೇಗೆ? ಕಳೆದ ಅರ್ಧ ಶತಮಾನದಲ್ಲಿ ಓಝೋನ್ ಪದರದ ಕಥೆಯುದ್ದಕ್ಕೂ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕುವ ಪ್ರಯತ್ನಗಳಲ್ಲಿ ಕೆಲವು ಬೆಂಗಳೂರಿನ ಪೂರ್ವದಲ್ಲಿ, ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳನ್ನು ದಾಟಿ ಹೋಗುವ ಹಳೇ ಮದರಾಸು ರಸ್ತೆಯ ಹೊಸಕೋಟೆಯಲ್ಲಿ ನಡೆದಿವೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಸರಪಳಿಗೊಂದು ಸಾಕ್ಷಿ

ಅಳತೆಯನ್ನೇ ಅಳೆದು ನೋಡುವ ಕೆಲಸ ಈ ನಾಡಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ದಂಡು ಪ್ರದೇಶ ತಲೆ ಎತ್ತಿದ್ದು 1809ರಲ್ಲಿ. ಅದಕ್ಕೂ ಮೊದಲೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಕಟ್ಟಿಹಾಕಿದ ಮಹಾ ಸರ್ವೇಕ್ಷಣೆಗೆ ಇದು ಪೂರ್ವಾಭ್ಯಾಸವಾಯಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆತ ಮತ್ತೊಂದು ಮೂಲರೇಖೆಯನ್ನು ಅಳೆದ. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೂಡುತ್ತಾ ಪಶ್ಚಿಮಕ್ಕೆ ಬಂದ.

ಬೆಂಗಳೂರಿಗೆ ಬರುವ ಹೊತ್ತಿಗೆ ಒಂದು ಸಂದೇಹ ಸಹಜವಾಗಿತ್ತು. ನೂರೈವತ್ತು ಮೈಲಿಗೂ ಹೆಚ್ಚು ದೂರ ಬರೀ ಕೋನಗಳ ಲೆಕ್ಕದ ಮೇಲೆ ನಡೆದು ಬಂದಾಗಿದೆ. ಸಣ್ಣ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗಿರಬಹುದಲ್ಲವೇ? ಅದಕ್ಕಾಗಿ 1804ರಲ್ಲಿ ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಮತ್ತೊಂದು ಮೂಲರೇಖೆಯನ್ನು ಸರಪಳಿ ಹಿಡಿದು ಅಳೆದ. ಮದರಾಸಿನಿಂದ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ಲೆಕ್ಕ ನಂಬಲರ್ಹವೆಂದು ಆಗ ಖಚಿತವಾಯಿತು.

ಈ ಕಥೆಯಲ್ಲಿ ಇನ್ನೊಂದು ವಿವರ ಗಮನಾರ್ಹ. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗುತ್ತದೆ. ಹಾಗಾಗಿ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಪಕ್ಕದಲ್ಲೇ ಉಷ್ಣಮಾಪಕಗಳನ್ನಿಟ್ಟು ತಿದ್ದುಪಡಿ ಮಾಡುತ್ತಿದ್ದರು. ಬಳಸಿದಂತೆಲ್ಲ ಸರಪಳಿಯ ಕೊಂಡಿಗಳು ಸವೆದು ಉದ್ದ ಬದಲಾಗುತ್ತದೆ. ಅದಕ್ಕೆ ಲ್ಯಾಂಬ್ಟನ್ ಕಂಡುಕೊಂಡ ಉಪಾಯ ಸರಳ: ಇಂಗ್ಲೆಂಡಿನಿಂದ ಎರಡನೆಯ ಸರಪಳಿಯೊಂದನ್ನು ತರಿಸಿ, ಅದನ್ನು ಅಳತೆಗೆ ಬಳಸದೆ ಜೋಪಾನವಾಗಿಟ್ಟು, ಕೆಲಸದ ಸರಪಳಿಯನ್ನು ಆಗಾಗ ಅದರೊಡನೆ ಹೋಲಿಸಿ ನೋಡುವುದು. ಈ ಎರಡನೆಯ ಸರಪಳಿ ಸುಮಾರು ಇನ್ನೂರು ವರ್ಷಗಳ ನಂತರ ಬಾಹ್ಯಾಕಾಶದಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು.

ನೆಲದಿಂದ ನೋಡುವ ಕಣ್ಣು

ಸೂರ್ಯನ ಬೆಳಕಿನಲ್ಲಿ ನಮಗೆ ಕಾಣುವ ನೇರಳೆ ಬಣ್ಣದಾಚೆಗೆ ಅತಿನೇರಳೆ ಕಿರಣಗಳಿವೆ. ಇವುಗಳಲ್ಲಿ ಜೀವಕ್ಕೆ ಅಪಾಯಕಾರಿಯಾದ ಭಾಗವನ್ನು ನೆಲದಿಂದ ಹದಿನೈದರಿಂದ ಮೂವತ್ತೈದು ಕಿಲೋಮೀಟರ್ ಎತ್ತರದಲ್ಲಿ ಹರಡಿಕೊಂಡಿರುವ ಓಝೋನ್ ಹೀರಿಕೊಳ್ಳುತ್ತದೆ. ಓಝೋನ್ ಎಂದರೆ ಮೂರು ಪರಮಾಣುಗಳು ಕೂಡಿದ ಆಮ್ಲಜನಕ. ಪದರ ಎಂಬ ಮಾತು ಕೇಳಿ ದಪ್ಪ ಹೊದಿಕೆಯೆಂದು ಭಾವಿಸಬೇಕಿಲ್ಲ. ನೆಲದಿಂದ ಆಕಾಶದ ತುದಿಯವರೆಗಿನ ಓಝೋನನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ ತಂದು ಹರವಿದರೆ ಅದರ ದಪ್ಪ ಸುಮಾರು ಮೂರು ಮಿಲಿಮೀಟರ್. ಬೆಂಗಳೂರಿನಂಥ ಉಷ್ಣವಲಯದ ಊರುಗಳ ಮೇಲೆ ಇದು ಇನ್ನೂ ತೆಳುವು. ಈ ದಪ್ಪದ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ‘ಡಾಬ್ಸನ್’ ಎಂಬ ಹೆಸರಿದೆ. ಮೂರು ಮಿಲಿಮೀಟರ್ ಎಂದರೆ 300 ಡಾಬ್ಸನ್.

ಈ ಹೆಸರು ಬಂದದ್ದು ಆಕ್ಸ್‌ಫರ್ಡಿನ ಜಿ.ಎಂ.ಬಿ. ಡಾಬ್ಸನ್ ಅವರಿಂದ. ಅವರ ಉಪಾಯ ಜಾಣತನದ್ದು. ಸೂರ್ಯನ ಬೆಳಕಿನಿಂದ ಅತಿನೇರಳೆಯ ಎರಡು ತರಂಗಗಳನ್ನು ಆರಿಸಿಕೊಳ್ಳುವುದು. ಒಂದನ್ನು ಓಝೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಎರಡರ ಪ್ರಮಾಣವನ್ನು ಹೋಲಿಸಿದರೆ ದಾರಿಯಲ್ಲಿ ಎಷ್ಟು ಓಝೋನ್ ಇತ್ತೆಂದು ಲೆಕ್ಕ ಸಿಗುತ್ತದೆ. 1928ರಲ್ಲಿ ಡಾಬ್ಸನ್ ತಮ್ಮ ಉಪಕರಣಗಳನ್ನು ಜಗತ್ತಿನ ಬೇರೆ ಬೇರೆ ಮೂಲೆಗಳಿಗೆ ಕಳಿಸಿದಾಗ, ಒಂದು ದಕ್ಷಿಣ ಭಾರತದ ಕೊಡೈಕನಾಲಿಗೆ ಬಂತು. ಉಷ್ಣವಲಯದಲ್ಲಿ ಓಝೋನ್ ಕಡಿಮೆ, ಋತುವಿನಿಂದ ಋತುವಿಗೆ ಅದು ಹೆಚ್ಚು ಬದಲಾಗುವುದೂ ಇಲ್ಲ ಎಂಬುದು ತಿಳಿದದ್ದು ಅಲ್ಲಿನ ಅಳತೆಗಳಿಂದಲೇ. ಇಂದು ಈ ಕೊಡೈಕನಾಲ್ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು.

ಡಾಬ್ಸನ್ ಉಪಕರಣವೂ ತಕ್ಕಡಿಯಂತೆಯೇ. ಅದನ್ನೂ ತಾಳೆ ನೋಡಬೇಕು. ಅದಕ್ಕಾಗಿ 83ನೇ ಸಂಖ್ಯೆಯ ಡಾಬ್ಸನ್ ಉಪಕರಣವನ್ನು ಜಗತ್ತಿಗೆ ಮಾದರಿಯೆಂದು ಗೊತ್ತು ಮಾಡಿದ್ದಾರೆ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ನಿರ್ಮಲ ಗಾಳಿಯಲ್ಲಿ ಅದನ್ನು ಪರೀಕ್ಷಿಸಿ, ಉಳಿದವನ್ನು ಅದರೊಡನೆ ನೇರವಾಗಿಯೋ, ನಡುವಿನ ಉಪಕರಣವೊಂದರ ಮೂಲಕವೋ ಹೋಲಿಸುತ್ತಾರೆ. ಮೊಹರು ಒತ್ತುವವನ ಬಟ್ಟಿಗೂ ಮೊಹರು ಬೇಕೆಂಬ ಕ್ರಮವಿದು.

ಸತ್ಯ ಹೇಳಿದರೂ ಸಂದೇಹ

ನೆಲದ ಕೇಂದ್ರಗಳು ಎಷ್ಟೇ ಇದ್ದರೂ ಸಮುದ್ರಗಳ ಮೇಲೆ, ಮರುಭೂಮಿಗಳ ಮೇಲೆ, ಧ್ರುವಗಳ ಮೇಲೆ ಅಳೆಯುವವರಿಲ್ಲ. ಈ ಕೊರತೆ ತುಂಬಲು ಉಪಗ್ರಹಗಳು ಬಂದವು. 1978ರ ಅಕ್ಟೋಬರಿನಲ್ಲಿ ಅಮೆರಿಕ ಹಾರಿಸಿದ ನಿಂಬಸ್-7 ಉಪಗ್ರಹದಲ್ಲಿ ‘ಟಾಮ್ಸ್’ ಎಂಬ ಉಪಕರಣವಿತ್ತು. ಸೂರ್ಯನ ಅತಿನೇರಳೆ ಬೆಳಕು ವಾತಾವರಣಕ್ಕೆ ಇಳಿದು, ಗಾಳಿಯ ಅಣುಗಳಿಗೆ ಬಡಿದು ಒಂದಿಷ್ಟು ಮೇಲಕ್ಕೆ ಚದುರುತ್ತದೆ. ಹೋಗುವಾಗಲೂ ಬರುವಾಗಲೂ ಓಝೋನ್ ತನ್ನ ಸುಂಕ ವಸೂಲು ಮಾಡುತ್ತದೆ. ಸೂರ್ಯನಿಂದ ಬಂದದ್ದೆಷ್ಟು, ಮೇಲಕ್ಕೆ ಹಿಂತಿರುಗಿದ್ದೆಷ್ಟು ಎಂದು ಬೇರೆ ಬೇರೆ ತರಂಗಗಳಲ್ಲಿ ಅಳೆದರೆ ಓಝೋನಿನ ಪ್ರಮಾಣ ತಿಳಿಯುತ್ತದೆ.

ಈ ಉಪಗ್ರಹದ ಸುತ್ತ ಎರಡು ಪ್ರಸಂಗಗಳು ನಡೆದವು. ಒಂದರಲ್ಲಿ ಉಪಗ್ರಹ ಸತ್ಯ ಹೇಳುತ್ತಿತ್ತು, ಜನ ಸಂಶಯಪಟ್ಟರು. ಇನ್ನೊಂದರಲ್ಲಿ ಉಪಗ್ರಹ ತಪ್ಪಿತ್ತು, ನಂಬಿದ್ದರೆ ಅನಾಹುತವಾಗುತ್ತಿತ್ತು.

ಮೊದಲನೆಯದು ಅಂಟಾರ್ಕ್‌ಟಿಕದ ಓಝೋನ್ ರಂಧ್ರದ ಪ್ರಸಂಗ. 1985ರ ಮೇ ತಿಂಗಳಲ್ಲಿ ಬ್ರಿಟನ್ನಿನ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಹ್ಯಾಲಿ ಕೊಲ್ಲಿಯ ಕೇಂದ್ರದಲ್ಲಿ ಹಳೆಯ ಡಾಬ್ಸನ್ ಉಪಕರಣದಿಂದ ಅಳೆದ ಅಂಕಿಗಳ ಪ್ರಕಾರ, ಹಿಂದೆ ಅಕ್ಟೋಬರಿನಲ್ಲಿ 300ರ ಸುಮಾರಿಗಿದ್ದ ಓಝೋನ್ 200ಕ್ಕಿಂತ ಕೆಳಗಿಳಿದಿತ್ತು. ಇಷ್ಟು ದೊಡ್ಡ ಕುಸಿತವನ್ನು ಇಡೀ ಭೂಮಿಯನ್ನು ದಿನವೂ ನೋಡುತ್ತಿದ್ದ ಉಪಗ್ರಹ ಕಾಣಲಿಲ್ಲವೇ?

ಗಣಕಯಂತ್ರ ಆ ಅಂಕಿಗಳನ್ನು ಕಸದ ಬುಟ್ಟಿಗೆ ಹಾಕಿತ್ತೆಂಬ ಕಥೆ ಜಗತ್ತಿನಾದ್ಯಂತ ಹಬ್ಬಿತು. ನಡೆದದ್ದು ಅಷ್ಟು ಸರಳವಲ್ಲ. 180 ಡಾಬ್ಸನ್‌ಗಿಂತ ಕಡಿಮೆಯಾದ ಅಳತೆಗಳನ್ನು ಅನುಮಾನಾಸ್ಪದವೆಂದು ಗುರುತು ಹಾಕಿ ಇಡುವ ಕ್ರಮವಿತ್ತು. ಆ ಗುರುತುಗಳು ರಾಶಿರಾಶಿಯಾಗಿ ಬರತೊಡಗಿದಾಗ, ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಭಾರತೀಯ ಮೂಲದ ಪವನ್ ಭಾರ್ತಿಯಾ ಮತ್ತವರ ಸಂಗಡಿಗರು ಅವನ್ನು ಗಮನಿಸಿದರು. ಸರಿಯೋ ತಪ್ಪೋ ಎಂದು ನೋಡಲು ದಕ್ಷಿಣ ಧ್ರುವದಲ್ಲೇ ಇದ್ದ ಡಾಬ್ಸನ್ ಉಪಕರಣದ ಅಂಕಿಯನ್ನು ತೆಗೆದರು. ಅದು 300ರ ಆಸುಪಾಸು ತೋರಿಸುತ್ತಿತ್ತು! ಉಪಗ್ರಹವೇ ಕೆಟ್ಟಿದೆಯೆಂದು ಯಾರಾದರೂ ಭಾವಿಸಬಹುದಿತ್ತು. ಆಮೇಲೆ ತಿಳಿದದ್ದೇನೆಂದರೆ, ಧ್ರುವದ ಆ ಉಪಕರಣವನ್ನು ತಪ್ಪು ತರಂಗಕ್ಕೆ ಹೊಂದಿಸಿಟ್ಟಿದ್ದರು. ಉಪಗ್ರಹ ಹೇಳಿದ್ದೇ ನಿಜವಾಗಿತ್ತು. ಹ್ಯಾಲಿಯ ಅಂಕಿಗಳು ಪ್ರಕಟವಾದ ಮೇಲೆ ಎರಡೂ ಕಡೆಯ ಸಾಕ್ಷ್ಯ ಕೂಡಿಬಂತು. ಹ್ಯಾಲಿ ಒಂದು ಚುಕ್ಕೆಯಲ್ಲಿ ಕಂಡದ್ದನ್ನು ಉಪಗ್ರಹದ ನಕ್ಷೆ ಇಡೀ ಖಂಡದ ಮೇಲೆ ತೋರಿಸಿತು.

ಸಾಕ್ಷಿಯನ್ನೂ ವಿಚಾರಣೆಗೆ ಒಳಪಡಿಸಬೇಕೆಂಬುದು ಈ ಪ್ರಸಂಗದ ಪಾಠ. ಒರೆಗಲ್ಲು ಕೆಟ್ಟಿದ್ದರೆ ಅಪರಂಜಿಯೂ ಹಿತ್ತಾಳೆಯಾಗಿ ಕಾಣುತ್ತದೆ.

ಕಣ್ಣಿಗೇ ಪೊರೆ ಬಂದಾಗ

ಎರಡನೆಯ ಪ್ರಸಂಗ ಇದಕ್ಕೆ ತದ್ವಿರುದ್ಧ. ಸೂರ್ಯನ ಬೆಳಕು ಎಷ್ಟಿದೆಯೆಂದು ಅಳೆಯಲು ಉಪಗ್ರಹ ಸೂರ್ಯನನ್ನು ನೇರವಾಗಿ ನೋಡುವಂತಿಲ್ಲ. ಅಷ್ಟು ಪ್ರಖರತೆಯನ್ನು ಅದರ ಕಣ್ಣು ತಾಳದು. ಅದಕ್ಕಾಗಿ ಒರಟು ಮೈಯ ಅಲ್ಯೂಮಿನಿಯಂ ಫಲಕವೊಂದರ ಮೇಲೆ ಬಿಸಿಲು ಬೀಳಿಸಿ, ಅದರಿಂದ ಚದುರಿದ ಬೆಳಕನ್ನು ನೋಡುತ್ತಿತ್ತು. ವರ್ಷಗಟ್ಟಲೆ ಬಿಸಿಲು ಬಿದ್ದು ಫಲಕ ಕಪ್ಪಾಗುತ್ತಾ ಬಂತು. ಕಿರಿದಾದ ತರಂಗಗಳಲ್ಲಂತೂ ಇನ್ನೂ ಬೇಗ ಮಂಕಾಯಿತು. ಆಗ ಲೆಕ್ಕ ತಪ್ಪತೊಡಗಿತು. ಓಝೋನ್ ಇದ್ದಷ್ಟೇ ಇದ್ದರೂ ಕಡಿಮೆಯಾದಂತೆ ಕಾಣತೊಡಗಿತು.

ಅಂಟಾರ್ಕ್‌ಟಿಕದ ಸುದ್ದಿಯಿಂದ ಜಗತ್ತು ಗಾಬರಿಗೊಂಡಿದ್ದ ಕಾಲವದು. ಇಡೀ ಭೂಮಿಯ ಓಝೋನ್ ವೇಗವಾಗಿ ಕರಗುತ್ತಿದೆಯೆಂದು ಉಪಗ್ರಹದ ಅಂಕಿಗಳು ಹೇಳಿದಾಗ, ನಂಬಲು ಎಲ್ಲರೂ ಸಿದ್ಧರಿದ್ದರು. ಆದರೆ ನೂರಕ್ಕೂ ಹೆಚ್ಚು ವಿಜ್ಞಾನಿಗಳಿದ್ದ ಓಝೋನ್ ಪರಿಶೀಲನಾ ಮಂಡಳಿ ಆತುರಪಡಲಿಲ್ಲ. ಉಪಗ್ರಹದ ಅಂಕಿಗಳನ್ನು ನೆಲದ ಡಾಬ್ಸನ್ ಕೇಂದ್ರಗಳ ಅಂಕಿಗಳೊಡನೆ ತಾಳೆ ನೋಡಿ, 1988ರ ಮಾರ್ಚಿನಲ್ಲಿ ತನ್ನ ನಿರ್ಣಯ ಪ್ರಕಟಿಸಿತು. ಉಪಗ್ರಹ ತೋರಿಸಿದ ಇಳಿಕೆಯ ಬಹುಭಾಗ ಫಲಕದ ದೋಷ. ಆದರೂ ಇಳಿಕೆ ಸುಳ್ಳಲ್ಲ. 1969ರಿಂದ 1986ರವರೆಗೆ ಉತ್ತರದ ಮಧ್ಯ ಅಕ್ಷಾಂಶಗಳಲ್ಲಿ ಓಝೋನ್ ಶೇಕಡಾ 1.7ರಿಂದ 3ರಷ್ಟು ನಿಜವಾಗಿಯೂ ತಗ್ಗಿತ್ತು. ಉಪ್ರೇಕ್ಷೆಯೂ ಇಲ್ಲ, ಉತ್ಪ್ರೇಕ್ಷೆಯೂ ಇಲ್ಲ ಎನ್ನುವಂಥ ತೀರ್ಪು.

ಈ ಅನುಭವದಿಂದ ಎರಡು ಕ್ರಮಗಳು ಹುಟ್ಟಿದವು. ಒಂದು, ಅಂಥದೇ ಉಪಕರಣವನ್ನು ಬಾಹ್ಯಾಕಾಶ ನೌಕೆಯಲ್ಲಿ ಕೆಲವು ದಿನ ಮೇಲಕ್ಕೆ ಒಯ್ದು, ಉಪಗ್ರಹ ನೋಡುವುದನ್ನೇ ನೋಡಿಸಿ, ಮತ್ತೆ ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸುವುದು. 1989ರಿಂದ 1996ರವರೆಗೆ ಹೀಗೆ ಎಂಟು ಬಾರಿ ಮಾಡಿದರು. ಇನ್ನೊಂದು, 1991ರಲ್ಲಿ ಸೋವಿಯತ್ ಒಕ್ಕೂಟದ ಮೀಟಿಯೊರ್-3 ಉಪಗ್ರಹದ ಮೇಲೆ ಕಳಿಸಿದ ಟಾಮ್ಸ್ ಉಪಕರಣಕ್ಕೆ ಒಂದರ ಬದಲು ಮೂರು ಫಲಕಗಳನ್ನು ಅಳವಡಿಸಿದರು. ಒಂದು ಸದಾ ಬಿಸಿಲಿಗೆ ಒಡ್ಡಿದ್ದು, ಒಂದು ಆಗಾಗ ಬಳಸುವುದು, ಮೂರನೆಯದನ್ನು ಅಪರೂಪಕ್ಕೊಮ್ಮೆ ಮಾತ್ರ ಹೊರತೆಗೆದು ಉಳಿದೆರಡನ್ನು ಹೋಲಿಸುವುದು. ಲ್ಯಾಂಬ್ಟನ್ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಎರಡನೆಯ ಸರಪಳಿ ಬಾಹ್ಯಾಕಾಶಕ್ಕೆ ಏರಿದ್ದು ಹೀಗೆ.

ಹೊಸಕೋಟೆಯ ಬಲೂನುಗಳು

ನೆಲಕ್ಕೂ ಉಪಗ್ರಹಕ್ಕೂ ನಡುವೆ ಇನ್ನೊಂದು ಸಾಕ್ಷಿಯ ಜಾಗವಿದೆ. ಓಝೋನ್ ಅತಿ ದಟ್ಟವಾಗಿರುವುದು ಉಷ್ಣವಲಯದಲ್ಲಿ ಸುಮಾರು ಇಪ್ಪತ್ತೈದು ಕಿಲೋಮೀಟರ್ ಎತ್ತರದಲ್ಲಿ. ವಿಮಾನ ಅಲ್ಲಿಗೆ ಏರದು, ಉಪಗ್ರಹ ಅಲ್ಲಿಗೆ ಇಳಿಯದು. ಹೋಗಬಲ್ಲದ್ದು ಬಲೂನು ಮಾತ್ರ.

ಭಾರತೀಯ ಖಭೌತ ಸಂಸ್ಥೆಗೆ ಹೊಸಕೋಟೆಯಲ್ಲಿ ‘ಕ್ರೆಸ್ಟ್’ ಎಂಬ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇಲ್ಲಿಂದಲೇ. ಜಯಂತ್ ಮೂರ್ತಿ, ಮಾರ್ಗರಿಟಾ ಸಫೊನೊವಾ ಮತ್ತು ಅವರ ಜೊತೆಗಾರರು ತೊಡಗಿಕೊಂಡ ಎತ್ತರದ ಬಲೂನುಗಳ ಕಾರ್ಯಕ್ರಮವನ್ನು ಸಂಸ್ಥೆ ಆರಂಭಿಸಿದ್ದು 2011ರಲ್ಲಿ. ಮೊದಲು ಇದೇ ಆವರಣದಲ್ಲಿ ಬಲೂನಿಗೆ ಹಗ್ಗ ಕಟ್ಟಿ ಹಾರಿಸಿ ನೋಡಿದರು. ಆಮೇಲೆ 2013ರ ಮಾರ್ಚಿನಿಂದ 2014ರ ನವೆಂಬರಿನೊಳಗೆ ಒಂಬತ್ತು ಬಾರಿ ಹಗ್ಗವಿಲ್ಲದೆ ಬಿಟ್ಟರು. ಮೇಲ್ವಾತಾವರಣದ ವಿದ್ಯಮಾನಗಳು, ರಾತ್ರಿ ಆಕಾಶ ತಾನೇ ಸೂಸುವ ಮಂದ ಬೆಳಕು, ಧೂಮಕೇತುಗಳು ಇವೆಲ್ಲವನ್ನೂ ಇಪ್ಪತ್ತರಿಂದ ಮೂವತ್ತು ಕಿಲೋಮೀಟರ್ ಎತ್ತರದಿಂದ, ಕಡಿಮೆ ಖರ್ಚಿನಲ್ಲಿ ನೋಡುವುದು ಉದ್ದೇಶ.

ಹೊರೆ ಆರು ಕಿಲೋ ಮೀರುವಂತಿಲ್ಲ. ಕಬ್ಬಿಣದ ಪೆಟ್ಟಿಗೆಯ ಮಾತೇ ಇಲ್ಲ. ಹಗುರವಾದ ಗೂಡುಗಳನ್ನು ತ್ರಿಆಯಾಮದ ಮುದ್ರಣಯಂತ್ರದಲ್ಲಿ ತಾವೇ ಮಾಡಿಕೊಂಡರು. ಕ್ಯಾಮೆರಾ, ಸಂವೇದಕಗಳಿಗೆ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳನ್ನೇ ಜೋಡಿಸಿಕೊಂಡರು. ಬಲೂನು ಮೇಲೇರಿದಂತೆ ಸುತ್ತಲಿನ ಒತ್ತಡ ತಗ್ಗುತ್ತದೆ, ಬಲೂನು ಹಿಗ್ಗುತ್ತದೆ. ದಾರಿಯಲ್ಲಿ ಹದಿನಾರು, ಹದಿನೇಳು ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿಯಷ್ಟು ಕೆಳಗಿನ ಚಳಿ. ಬ್ಯಾಟರಿ ಕೈಕೊಡುವ ಜಾಗವದು. ಅದನ್ನೂ ದಾಟಿ ಮೂವತ್ತು ಕಿಲೋಮೀಟರ್ ಮುಟ್ಟಿದರೆ ಗಾಳಿಯ ಒತ್ತಡ ನೆಲದ ನೂರನೇ ಒಂದು ಭಾಗದಷ್ಟು. ಹಿಗ್ಗಿ ಹಿಗ್ಗಿ ಬಲೂನು ಒಡೆಯುತ್ತದೆ. ಉಪಕರಣ ಪ್ಯಾರಾಚೂಟಿನಲ್ಲಿ ತೂಗಾಡುತ್ತಾ, ಗಾಳಿ ಒಯ್ದ ಕಡೆ ಇಳಿಯುತ್ತದೆ. ಅದು ಕಳಿಸುವ ಸಂಕೇತವನ್ನು ಹಿಡಿದು ಹಿಂಬಾಲಿಸಿ, ಬಿದ್ದ ಜಾಗದಿಂದ ತರಬೇಕು.

ಹೀಗೆ ತರುವುದರಲ್ಲೇ ಬಲೂನಿನ ಬೆಲೆಯಿದೆ. ಹಾರುವ ಮೊದಲು ಪ್ರಯೋಗಾಲಯದ ದೀಪದ ಮುಂದಿಟ್ಟು ಪರೀಕ್ಷಿಸಿದ ಉಪಕರಣವನ್ನು, ಹಾರಿ ಬಂದ ಮೇಲೆ ಅದೇ ದೀಪದ ಮುಂದೆ ಮತ್ತೆ ಇಡಬಹುದು. ಉಪಗ್ರಹಕ್ಕೆ ಈ ಭಾಗ್ಯವಿಲ್ಲ.

ಈ ಬಲೂನುಗಳಲ್ಲಿ ಅತಿನೇರಳೆ ರೋಹಿತಮಾಪಕವನ್ನಿಟ್ಟು, ಆಕಾಶದ ಅಂಚಿನ ಬೆಳಕನ್ನೂ ವಾತಾವರಣದ ವಿರಳ ಅನಿಲಗಳನ್ನೂ ಅಳೆಯುವ ಪ್ರಯತ್ನ ನಡೆಯಿತು. ಅದರ ಆರಂಭಿಕ ಫಲಿತಾಂಶಗಳು 2016ರಲ್ಲಿ ಹೊರಬಂದವು. ಇದರ ಹಿಂದಿನ ತತ್ತ್ವ ಸರಳ. ನೆಲದಲ್ಲಿರುವಾಗ ಉಪಕರಣದ ತಲೆಯ ಮೇಲೆ ಓಝೋನೆಲ್ಲ ಇದೆ; ಮೇಲೇರಿದಂತೆ ಒಂದೊಂದೇ ಪದರ ಕಾಲಕೆಳಗೆ ಸರಿಯುತ್ತದೆ. ಓಝೋನ್ ಹೀರುವ ತರಂಗಗಳು ಎಷ್ಟೆಷ್ಟು ಎತ್ತರದಲ್ಲಿ ಎಷ್ಟೆಷ್ಟು ಬೆಳಗಿದವು ಎಂದು ನೋಡಿದರೆ, ಯಾವ ಪದರದಲ್ಲಿ ಏನಿತ್ತೆಂದು ಹೇಳಬಹುದು.

ಆದರೆ ಕಷ್ಟವೂ ಇದೆ. ಬಲೂನಿನ ಕೆಳಗೆ ತೂಗುವ ಪೆಟ್ಟಿಗೆ ಬುಗುರಿಯಂತೆ ತಿರುಗುತ್ತಿರುತ್ತದೆ. ರೋಹಿತಮಾಪಕ ಯಾವ ಕ್ಷಣದಲ್ಲಿ ಯಾವ ದಿಕ್ಕಿಗೆ ನೋಡುತ್ತಿತ್ತೆಂದು ತಿಳಿಯದಿದ್ದರೆ ಅಂಕಿಗೆ ಅರ್ಥವಿಲ್ಲ. ಹಾಗಾಗಿ ದಿಕ್ಕು ತಿಳಿಯುವ ಸಾಧನಗಳನ್ನೂ ಇವರೇ ಕಟ್ಟಿಕೊಳ್ಳಬೇಕಾಯಿತು. ಶಾಲಾಮಕ್ಕಳು ಪ್ರಯೋಗಕ್ಕೆ ಬಳಸುವ ‘ರಾಸ್ಪ್‌ಬೆರಿ ಪೈ’ ಎಂಬ ಪುಟ್ಟ ಗಣಕದ ಸುತ್ತ ಹೆಣೆದ ನಕ್ಷತ್ರ ಸಂವೇದಕವೊಂದು ಇದೇ ಸಂಸ್ಥೆಯಲ್ಲಿ ರೂಪುಗೊಂಡು, 2023ರ ಏಪ್ರಿಲ್ 22ರಂದು ಪಿ.ಎಸ್.ಎಲ್.ವಿ. ಸಿ-55 ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೂ ಹೋಗಿ ಬಂತು ಎನ್ನುವುದಕ್ಕಿಂತ, ಅಲ್ಲಿ ಕೆಲಸ ಮಾಡಿ ತೋರಿಸಿತು ಎನ್ನುವುದು ಸರಿ.

ಬಲೂನು ಹೇಳುವುದನ್ನೂ ಉಪಗ್ರಹ ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಾಗ ಇನ್ನೊಂದು ಎಚ್ಚರ ಬೇಕು. ಟಾಮ್ಸ್ ಉಪಕರಣದ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಐವತ್ತು ಕಿಲೋಮೀಟರ್ ಅಗಲ. ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ, ಅದರಾಚೆಯ ಹೊಸಕೋಟೆಯ ಹೊಲಗದ್ದೆಗಳೆಲ್ಲ ಸೇರಿ ಉಪಗ್ರಹಕ್ಕೆ ಒಂದೇ ಅಂಕಿ. ಬಲೂನು ಅಳೆಯುವುದು ತಾನು ಹೋದ ದಾರಿಯನ್ನು ಮಾತ್ರ. ಒಂದು ಬಿಂದಿಗೆ ನೀರಿಗೂ ಇಡೀ ಕೆರೆಗೂ ಹೋಲಿಕೆ ಮಾಡಿದಂತೆ. ಎರಡೂ ಸರಿಯಿದ್ದರೂ ವ್ಯತ್ಯಾಸ ಬರಬಹುದು. ಒಂದು ದಿನದ ಹೋಲಿಕೆಯಿಂದ ತೀರ್ಪು ಕೊಡುವಂತಿಲ್ಲ. ಬೇರೆ ಬೇರೆ ಋತುಗಳಲ್ಲಿ ಮತ್ತೆ ಮತ್ತೆ ನೋಡಬೇಕು.

ನಕ್ಷತ್ರವೇ ಸಾಕ್ಷಿ

ಇದೇ ಹೊಸಕೋಟೆಯ ಆವರಣದಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಇನ್ನೂ ದೊಡ್ಡ ಕೆಲಸವೊಂದು ನಡೆಯಿತು. 2015ರ ಸೆಪ್ಟೆಂಬರ್ 28ರಂದು ಭಾರತ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ‘ಯುವಿಟ್’ ಸಿದ್ಧಗೊಂಡದ್ದು ಇಲ್ಲಿ. ಇದು ವಾತಾವರಣವನ್ನಲ್ಲ, ನಕ್ಷತ್ರಗಳನ್ನು ನೋಡುವ ಸಾಧನ. ಆದರೆ ಸಮಸ್ಯೆ ಒಂದೇ. ಅತಿನೇರಳೆ ಬೆಳಕು ಬಹಳ ನಾಜೂಕು. ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡು ಕೂತರೂ ಬೆಳಕನ್ನು ನುಂಗಿಬಿಡುತ್ತದೆ. ಆದ್ದರಿಂದ ಧೂಳಿಲ್ಲದ ಕೋಣೆಯಲ್ಲಿ ಜೋಡಣೆ ನಡೆಯಿತು. ಕಕ್ಷೆ ಸೇರಿದ ಮೇಲೂ ಉಪಗ್ರಹದ ಮೈಯಿಂದ ಹೊರಡುವ ಆವಿಯೆಲ್ಲ ಹೋಗಲೆಂದು ಎರಡು ತಿಂಗಳು ದೂರದರ್ಶಕದ ಬಾಗಿಲು ತೆರೆಯಲಿಲ್ಲ. ತೆರೆದದ್ದು ನವೆಂಬರ್ 30ರಂದು.

ಬಾಗಿಲು ತೆರೆದ ಮೇಲೆ ಕಣ್ಣು ಸರಿಯಿದೆಯೇ ಎಂದು ನೋಡಲು ಆರಿಸಿಕೊಂಡ ಒರೆಗಲ್ಲು ‘ಎಚ್‌ಝಡ್-4’ ಎಂಬ ಶ್ವೇತಕುಬ್ಜ ನಕ್ಷತ್ರ. ವಯಸ್ಸಾಗಿ ಕುಗ್ಗಿದ ಇಂಥ ನಕ್ಷತ್ರದ ಹೊರಮೈ ಸರಳವಾದ್ದರಿಂದ, ಅದು ಎಷ್ಟು ಅತಿನೇರಳೆ ಸೂಸಬೇಕೆಂದು ಖಚಿತವಾಗಿ ಲೆಕ್ಕ ಹಾಕಬಹುದು. ಜೊತೆಗೆ ಧ್ರುವ ನಕ್ಷತ್ರದ ಸಮೀಪದಲ್ಲಿದ್ದು ವರ್ಷವಿಡೀ ನೋಡಸಿಗುವ ‘ಎನ್.ಜಿ.ಸಿ. 188’ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡಿ, ಕಣ್ಣು ಮಂಜಾಗುತ್ತಿದೆಯೇ ಎಂದು ಗಮನಿಸಿದರು. ಎಸ್.ಎನ್. ಟಂಡನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವರದಿಯಂತೆ, ನೆಲದಲ್ಲಿ ಅಂದಾಜು ಮಾಡಿದ್ದಕ್ಕೂ ಕಕ್ಷೆಯಲ್ಲಿ ಕಂಡದ್ದಕ್ಕೂ ವ್ಯತ್ಯಾಸ ಸುಮಾರು ಶೇಕಡಾ 15ರೊಳಗೆ.

ಇಲ್ಲೂ ಮೇಲ್ವಾತಾವರಣ ಸುಮ್ಮನಿರಲಿಲ್ಲ. ಆಸ್ಟ್ರೋಸ್ಯಾಟ್ ಸುತ್ತುವ 650 ಕಿಲೋಮೀಟರ್ ಎತ್ತರದಲ್ಲೂ ವಾತಾವರಣದ ಅತಿ ತೆಳುವಾದ ಅಂಚು ಇದೆ. ಅಲ್ಲಿನ ಜಲಜನಕ 121.6 ನ್ಯಾನೋಮೀಟರಿನಲ್ಲಿ, ಆಮ್ಲಜನಕ 130.4ರಲ್ಲಿ ಮಂದವಾಗಿ ಬೆಳಗುತ್ತವೆ. ನಕ್ಷತ್ರದ ಬೆಳಕಿನೊಡನೆ ಇದು ಬೆರೆತರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಕ್ಯಾಲ್ಸಿಯಂ ಫ್ಲೋರೈಡ್, ಬೇರಿಯಂ ಫ್ಲೋರೈಡ್ ಹರಳುಗಳ ಸೋಸುಗಳನ್ನಿಟ್ಟರು. ಮೊದಲನೆಯದು ಜಲಜನಕದ ಬೆಳಕನ್ನು ತಡೆದರೆ, ಎರಡನೆಯದು ಆಮ್ಲಜನಕದ ಆ ಬೆಳಕನ್ನೂ ತಡೆಯುತ್ತದೆ. ಒಬ್ಬರಿಗೆ ಅಧ್ಯಯನದ ವಸ್ತುವಾದ ಮೇಲ್ವಾತಾವರಣದ ಹೊಳಪು ಇನ್ನೊಬ್ಬರಿಗೆ ಅಡಚಣೆ.

ಯಾವ ಜಾಗ್ರತೆಯೂ ಉಪಕರಣವನ್ನು ಚಿರಂಜೀವಿ ಮಾಡದು. 2018ರ ಮಾರ್ಚಿನಲ್ಲಿ ಯುವಿಟ್‌ನ ಮೂರು ವಿಭಾಗಗಳಲ್ಲಿ ಒಂದು ಕೆಲಸ ನಿಲ್ಲಿಸಿತು. ಬೆಂಗಳೂರಿನಲ್ಲೇ ಯು.ಆರ್. ರಾವ್ ನೇತೃತ್ವದಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದಲ್ಲೂ ಮೇಲ್ವಾತಾವರಣದ ಅಧ್ಯಯನಕ್ಕೊಂದು ಉಪಕರಣವಿತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಮೇಲೆ ಹೋದದ್ದನ್ನು ರಿಪೇರಿ ಮಾಡಲಾಗದು. ಅದು ಇರುವಷ್ಟು ದಿನ ಕೊಟ್ಟ ಅಂಕಿಗಳನ್ನಾದರೂ ನಂಬಬಹುದೆಂದು ಖಚಿತಪಡಿಸಿಕೊಳ್ಳುವುದೇ ನಮ್ಮ ಕೈಲಿರುವುದು.

ಸಣ್ಣ ಅಂಕಿ, ದೊಡ್ಡ ಹೊಣೆ

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂದು ಕೇಳಬಹುದು. ಉತ್ತರ ಜನರ ಜೇಬಿನಲ್ಲೇ ಇದೆ. ಓಝೋನ್ ಕುಸಿತದ ಸಾಕ್ಷ್ಯ ಗಟ್ಟಿಯಾಗುತ್ತಿದ್ದಂತೆ, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಅದನ್ನು ಸೇರಿದ್ದು 1992ರಲ್ಲಿ. ಫ್ರಿಜ್ಜು, ಹವಾನಿಯಂತ್ರಕಗಳಲ್ಲಿ ತುಂಬುತ್ತಿದ್ದ ಸಿ.ಎಫ್.ಸಿ. ಅನಿಲಗಳು 2010ರ ಹೊತ್ತಿಗೆ ಇಲ್ಲಿಯೂ ಬಳಕೆಯಿಂದ ಹೊರಬಿದ್ದವು. ಕಾರ್ಖಾನೆಗಳು ಯಂತ್ರ ಬದಲಿಸಿದವು. ಸಣ್ಣಪುಟ್ಟ ರಿಪೇರಿ ಅಂಗಡಿಯವರು ಹೊಸ ಅನಿಲದ ಕೆಲಸ ಕಲಿತರು. ಖರ್ಚನ್ನು ಕೊನೆಗೆ ಗ್ರಾಹಕರೇ ಹೊತ್ತರು. ಯಾರೂ ಕಣ್ಣಾರೆ ಕಾಣದ ಒಂದು ಪದರಕ್ಕಾಗಿ, ಅಂಕಿಗಳನ್ನಷ್ಟೇ ನಂಬಿ ಜಗತ್ತು ಮಾಡಿದ ತ್ಯಾಗವಿದು. ಆ ಅಂಕಿ ಸುಳ್ಳಾಗಿದ್ದರೆ?

ಈಗ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿದೆ. ಓಝೋನ್ ಚೇತರಿಸಿಕೊಳ್ಳುತ್ತಿದೆಯೆಂದೂ, ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ, ಅಂಟಾರ್ಕ್‌ಟಿಕದಲ್ಲಿ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದೆಂದೂ 2022ರ ಅಂತಾರಾಷ್ಟ್ರೀಯ ವರದಿ ಹೇಳಿತು. ಆದರೆ ಧ್ರುವಗಳನ್ನು ಬಿಟ್ಟು ಉಳಿದ ಭೂಭಾಗದ ಮೇಲೆ 1996ರಿಂದ ಕಂಡ ಏರಿಕೆ ದಶಕಕ್ಕೆ ಶೇಕಡಾ 0.3ರಷ್ಟು ಮಾತ್ರ. ಅಳತೆಯ ಅನಿಶ್ಚಿತತೆಯೂ ಹೆಚ್ಚುಕಡಿಮೆ ಅಷ್ಟೇ! ಕುಸಿತ ದೊಡ್ಡದಿದ್ದಾಗ ಅಳತೆಯ ಸಣ್ಣ ತಪ್ಪು ಮರೆಯಾಗುತ್ತಿತ್ತು. ಚೇತರಿಕೆ ನಿಧಾನವಾದಾಗ ಅದೇ ತಪ್ಪು ಚೇತರಿಕೆಯನ್ನು ಮರೆಮಾಡಬಲ್ಲದು, ಇಲ್ಲದ ಚೇತರಿಕೆಯನ್ನು ತೋರಿಸಲೂಬಲ್ಲದು. ಒಂದು ಉಪಗ್ರಹ ಸತ್ತು ಇನ್ನೊಂದು ಬಂದಾಗ ಎರಡರ ಅಂಕಿಗಳ ನಡುವೆ ಶೇಕಡಾ ಒಂದರಷ್ಟು ಅಂತರವಿದ್ದರೂ ಮೂರು ದಶಕಗಳ ಬದಲಾವಣೆಯನ್ನು ಅದು ನುಂಗಿಹಾಕುತ್ತದೆ.

ಹಾಗಾಗಿಯೇ ನೆಲದ ಡಾಬ್ಸನ್ ಕೇಂದ್ರ, ನಡುವಿನ ಬಲೂನು, ಮೇಲಿನ ಉಪಗ್ರಹ ಈ ಮೂರೂ ಒಂದನ್ನೊಂದು ಕಾಯುತ್ತಿರಬೇಕು. ಉಪಗ್ರಹ ಹಾರುವ ದಿನ ಪತ್ರಿಕೆಗಳ ಮುಖಪುಟದಲ್ಲಿ ಚಿತ್ರ ಬರುತ್ತದೆ. ತಾಳೆ ನೋಡುವ ಕೆಲಸಕ್ಕೆ ಮೆರವಣಿಗೆಯಿಲ್ಲ. ದಿನವೂ ಅದೇ ಬಿಸಿಲನ್ನು ಅಳೆದು ಅದೇ ಪುಸ್ತಕದಲ್ಲಿ ಬರೆಯುವವನಿಗೆ, ಹೊಲದ ಬದುವಿನಲ್ಲಿ ಬಿದ್ದ ಪೆಟ್ಟಿಗೆಯನ್ನು ಹುಡುಕಿ ತರುವವನಿಗೆ ಹೆಸರೂ ಬರುವುದಿಲ್ಲ. ಆದರೆ ಆಕಾಶ ವಾಸಿಯಾಗುತ್ತಿದೆಯೆಂಬ ಮಾತನ್ನು ಮುಂದಿನ ಪೀಳಿಗೆ ನಂಬಬೇಕಾದರೆ, ಅದಕ್ಕೆ ಮೊಹರು ಒತ್ತಬೇಕಾದವರು ಅವರೇ.